ಮನೆ ಖರೀದಿಯಲ್ಲಿ ಗುಪ್ತದೋಷ ಮತ್ತು ಕಾನೂನು ಪರಿಹಾರ

ಗುಪ್ತದೋಷ ಎಂದರೆ ಮನೆ ಅಥವಾ ನಿವೇಶನವನ್ನು ಕೊಳ್ಳುವಾಗ ಸಾಮಾನ್ಯ ಎಚ್ಚರಿಕೆಯಿಂದ ಪರಿಶೀಲಿಸಿದರೂ ಕಾಣದೆ, ಸ್ವಾಧೀನ ಪಡೆದ ನಂತರ ಬೆಳಕಿಗೆ ಬರುವ ಕೊರತೆ. ಕುಸಿಯುವ ಬುನಾದಿ, ಗಿಲಾವಿನ ಒಳಗೆ ತುಕ್ಕು ಹಿಡಿದ ಕಬ್ಬಿಣ, ಬಣ್ಣದ ಅಡಿಯಲ್ಲಿ ಮುಚ್ಚಿದ ಬಿರುಕು ಮೊದಲಾದವು ಕಟ್ಟಡದ ದೋಷಗಳು. ಬಹಿರಂಗಪಡಿಸದ ಪಾಲುದಾರರ ಹಕ್ಕು, ಪರಭಾರೆ ನಿಷೇಧವಿರುವ ಜಮೀನು ಮೊದಲಾದವು ಒಡೆತನದ ದೋಷಗಳು.

ಭಾರತದಲ್ಲಿ ಗುಪ್ತದೋಷಗಳಿಗೆಂದೇ ರೂಪಿಸಿದ ಪ್ರತ್ಯೇಕ ಕಾನೂನು ಇಲ್ಲ. ಕೊಂಡವರಿಗೆ ದೊರೆಯುವ ಪರಿಹಾರವು ಮುಖ್ಯವಾಗಿ ಮೂರು ಸಂಗತಿಗಳನ್ನು ಅವಲಂಬಿಸಿದೆ: ಮಾರಿದವರು ಯಾರು, ದೋಷವು ಅವರಿಗೆ ತಿಳಿದಿತ್ತೇ, ಮತ್ತು ಕೊಂಡವರಿಗೆ ಅದು ತಿಳಿದದ್ದು ಯಾವಾಗ. ಮಾರಾಟಗಾರರು ಖಾಸಗಿ ವ್ಯಕ್ತಿಯಾಗಿದ್ದರೆ ಸಿವಿಲ್ ನ್ಯಾಯಾಲಯ, ಕಟ್ಟಡ ನಿರ್ಮಾಪಕರಾಗಿದ್ದರೆ ಗ್ರಾಹಕರ ಆಯೋಗ ಅಥವಾ ರೇರಾ ಪ್ರಾಧಿಕಾರ ಪರಿಹಾರದ ದಾರಿಯಾಗುತ್ತದೆ. ಪ್ರತಿಯೊಂದಕ್ಕೂ ಪ್ರತ್ಯೇಕ ಕಾಲಮಿತಿ ಇರುವುದರಿಂದ ತಪ್ಪು ವೇದಿಕೆಯಲ್ಲಿ ಕಳೆದ ಸಮಯವು ಹಕ್ಕಿನ ನಷ್ಟಕ್ಕೇ ಕಾರಣವಾಗಬಹುದು.

ದೋಷಗಳ ವಿಧಗಳು

ಕಾನೂನು ದೋಷಗಳನ್ನು ಪ್ರಕಟ ದೋಷ ಮತ್ತು ಗುಪ್ತದೋಷ ಎಂದು ಬೇರ್ಪಡಿಸುತ್ತದೆ. ಒಡೆದ ಕಿಟಕಿ, ಸೋರಿಕೆಯ ಕಲೆ ಕಾಣುವ ತಾರಸಿ, ಇಕ್ಕಟ್ಟಾದ ದಾರಿ ಇವು ಪ್ರಕಟ ದೋಷಗಳು. ಕಣ್ಣಿಗೆ ಕಾಣುವುದನ್ನು ನೋಡಿಕೊಳ್ಳುವುದು ಕೊಳ್ಳುವವರ ಹೊಣೆ. ಗುಪ್ತದೋಷಕ್ಕೆ ಈ ನಿಯಮ ಅನ್ವಯಿಸುವುದಿಲ್ಲ.

ದೋಷವು ‘ಮಹತ್ವದ್ದು’ ಆಗಿರಬೇಕೆಂಬುದು ಎರಡನೆಯ ಷರತ್ತು. ಮೊದಲೇ ತಿಳಿದಿದ್ದರೆ ಆ ವ್ಯವಹಾರಕ್ಕೇ ಒಪ್ಪುತ್ತಿರಲಿಲ್ಲ ಎನ್ನುವಷ್ಟು ಗಂಭೀರವಾದ ಕೊರತೆಯನ್ನು ಮಹತ್ವದ ದೋಷವೆಂದು ಪರಿಗಣಿಸಲಾಗುತ್ತದೆ. ಈ ಅಳತೆಗೋಲು 1834ರ ಫ್ಲೈಟ್ ವಿರುದ್ಧ ಬೂತ್ ಎಂಬ ಇಂಗ್ಲೆಂಡಿನ ಮೊಕದ್ದಮೆಯಿಂದ ಬಂದುದು. ಸಡಿಲಗೊಂಡ ನಲ್ಲಿ ಮಹತ್ವದ ದೋಷವಲ್ಲ. ಒಂದು ಬದಿಗೆ ಇಳಿಯುತ್ತಿರುವ ಬುನಾದಿ ಮಹತ್ವದ ದೋಷ.

ದಾವಣಗೆರೆ–ಹರಿಹರ ಪ್ರದೇಶದ ಹಿನ್ನೆಲೆ

ದಾವಣಗೆರೆಯ ಸುತ್ತಮುತ್ತ ಹತ್ತಿ ಬೆಳೆಗೆ ಹೆಸರಾದ ಎರೆಮಣ್ಣು ಹಲವೆಡೆ ಇದೆ. ಈ ಮಣ್ಣು ನೀರು ಹೀರಿದಾಗ ಉಬ್ಬಿ, ಒಣಗಿದಾಗ ಕುಗ್ಗುತ್ತದೆ. ಇಂತಹ ನೆಲದಲ್ಲಿ ಸಾಕಷ್ಟು ಆಳಕ್ಕೆ ಹೋಗದ ಬುನಾದಿಯ ಮೇಲೆ ಕಟ್ಟಿದ ಮನೆಯಲ್ಲಿ ಬಾಗಿಲು ಕಿಟಕಿಗಳ ಮೂಲೆಯಿಂದ ಓರೆ ಬಿರುಕುಗಳು ಮೂಡುತ್ತವೆ. ಬಾಗಿಲುಗಳು ಚೌಕಟ್ಟಿಗೆ ಸರಿಯಾಗಿ ಕೂಡುವುದಿಲ್ಲ. ಬೇಸಿಗೆಯಲ್ಲಿ ಸುಣ್ಣಬಣ್ಣ ಮಾಡಿಸಿ ಮಾರಿದ ಮನೆಯ ನಿಜಸ್ಥಿತಿ ಒಂದೆರಡು ಮಳೆಗಾಲ ಕಳೆದ ನಂತರವೇ ಗೊತ್ತಾಗುವುದುಂಟು. ಭದ್ರಾ ಅಚ್ಚುಕಟ್ಟಿನ ಕಾಲುವೆ ಹಾಗೂ ಭತ್ತದ ಗದ್ದೆಗಳ ಅಂಚಿನ ಬಡಾವಣೆಗಳಲ್ಲಿ ನೆಲದ ತೇವ ಗೋಡೆಗೆ ಏರುವ ಸಂಭವವಿದೆ. ಹರಿಹರವು ತುಂಗಭದ್ರಾ ನದಿಯ ದಂಡೆಯಲ್ಲಿದ್ದು, ನದಿ ತುಂಬಿ ಹರಿದಾಗ ತಗ್ಗು ಪ್ರದೇಶಗಳಿಗೆ ನೀರು ನುಗ್ಗುತ್ತದೆ. ಹಿಂದೆ ಮನೆಯೊಳಗೆ ನೀರು ಬಂದಿದ್ದ ಸಂಗತಿಯನ್ನು ಮಾರಾಟಗಾರರು ಮರೆಮಾಚಿದರೆ ಅದೂ ವಿವಾದಕ್ಕೆ ಕಾರಣವಾಗಬಲ್ಲದು.

ಆಡಳಿತದ ದೃಷ್ಟಿಯಿಂದ ಈ ಪ್ರದೇಶದ ಮನೆಗಳು ಬೇರೆ ಬೇರೆ ಸಂಸ್ಥೆಗಳ ವ್ಯಾಪ್ತಿಗೆ ಬರುತ್ತವೆ. ದಾವಣಗೆರೆ ನಗರದಲ್ಲಿ ಮಹಾನಗರ ಪಾಲಿಕೆ, ಹರಿಹರದಲ್ಲಿ ನಗರಸಭೆ, ಹದಡಿಯಂತಹ ಗ್ರಾಮಗಳಲ್ಲಿ ಗ್ರಾಮ ಪಂಚಾಯಿತಿ ಖಾತೆಯನ್ನು ನಿರ್ವಹಿಸುತ್ತವೆ. ಯೋಜನಾ ಪ್ರದೇಶದ ಬಡಾವಣೆಗಳಿಗೆ ಅನುಮೋದನೆ ನೀಡುವುದು ‘ದೂಡಾ’ ಎಂದು ಪರಿಚಿತವಾದ ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ. ನಗರದ ಅಂಚು ಹಳ್ಳಿಗಳತ್ತ ಬೆಳೆದಂತೆ ಕೃಷಿ ಜಮೀನಿನಲ್ಲಿ ಭೂಪರಿವರ್ತನೆ ಇಲ್ಲದೆ ಮಾಡಿದ ‘ರೆವಿನ್ಯೂ ನಿವೇಶನ’ಗಳು ಒಡೆತನದ ಹಾಗೂ ಪರವಾನಗಿಯ ದೋಷಗಳಿಗೆ ಮುಖ್ಯ ಮೂಲವಾಗಿವೆ.

ಖಾಸಗಿ ವ್ಯಕ್ತಿಯಿಂದ ಕೊಂಡ ಮನೆ

ಒಬ್ಬ ಮಾಲೀಕರು ತಮ್ಮ ಹಳೆಯ ಮನೆಯನ್ನು ಇನ್ನೊಬ್ಬರಿಗೆ ಮಾರಿದಾಗ ಗ್ರಾಹಕರ ಕಾನೂನಾಗಲಿ ರೇರಾ ಕಾಯ್ದೆಯಾಗಲಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಅಂತಹ ಮಾರಾಟವು ‘ಸೇವೆ’ ಅಲ್ಲ. ಮಾರಿದವರು ‘ಪ್ರವರ್ತಕ’ರೂ ಅಲ್ಲ. ಇಲ್ಲಿ ಕೊಂಡವರ ರಕ್ಷಣೆಗಿರುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ.

ಈ ಕಾಯ್ದೆಯ 55(1)(ಎ) ಕಲಂ ಪ್ರಕಾರ, ಸ್ವತ್ತಿನಲ್ಲಿ ಅಥವಾ ಅದರ ಒಡೆತನದಲ್ಲಿ ಇರುವ ಮಹತ್ವದ ದೋಷವು ಮಾರುವವರಿಗೆ ತಿಳಿದಿದ್ದು, ಕೊಳ್ಳುವವರಿಗೆ ತಿಳಿಯದೆ, ಸಾಮಾನ್ಯ ಎಚ್ಚರಿಕೆಯಿಂದ ಪತ್ತೆಯಾಗದಂಥದ್ದಾಗಿದ್ದರೆ, ಅದನ್ನು ತಿಳಿಸುವುದು ಮಾರುವವರ ಕರ್ತವ್ಯ. ಹಾಗೆ ತಿಳಿಸದಿರುವುದು ವಂಚನೆಗೆ ಸಮಾನವೆಂದು ಅದೇ ಕಲಂ ಹೇಳುತ್ತದೆ. ಸ್ವತ್ತಿನ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ತಮಗೆ ತಿಳಿದಮಟ್ಟಿಗೆ ಉತ್ತರಿಸುವುದು, ದಾಖಲೆಗಳನ್ನು ಪರಿಶೀಲನೆಗೆ ಒದಗಿಸುವುದು ಕೂಡ ಅವರ ಹೊಣೆ. 55(2) ಕಲಂ ಪ್ರಕಾರ, ತಾವು ಮಾರುತ್ತಿರುವ ಹಕ್ಕು ತಮಗೆ ಇದೆಯೆಂದೂ ಅದನ್ನು ವರ್ಗಾಯಿಸುವ ಅಧಿಕಾರ ತಮಗಿದೆಯೆಂದೂ ಮಾರುವವರು ಭರವಸೆ ನೀಡಿದಂತೆ ಭಾವಿಸಲಾಗುತ್ತದೆ.

ಈ ನಿಯಮಗಳು ಬೇರೆ ಕರಾರು ಇಲ್ಲದಿದ್ದಾಗ ಅನ್ವಯಿಸುತ್ತವೆ. ಆದ್ದರಿಂದ ‘ಇದ್ದ ಸ್ಥಿತಿಯಲ್ಲೇ ಒಪ್ಪಿಕೊಂಡಿದ್ದೇನೆ’ ಎಂಬ ವಾಕ್ಯ ಕ್ರಯಪತ್ರದಲ್ಲಿದ್ದರೆ ಕೊಂಡವರ ವಾದ ದುರ್ಬಲವಾಗುತ್ತದೆ. ಆದರೆ ತಿಳಿದೂ ಉದ್ದೇಶಪೂರ್ವಕವಾಗಿ ಮರೆಮಾಚಿದ ಸಂಗತಿಗೆ ಇಂತಹ ವಾಕ್ಯವು ಆಸರೆಯಾಗಲಾರದು ಎಂಬುದು ಸಾಮಾನ್ಯ ನ್ಯಾಯತತ್ತ್ವ.

1872ರ ಭಾರತೀಯ ಕರಾರು ಕಾಯ್ದೆಯ 17 ಮತ್ತು 18ನೇ ಕಲಂಗಳು ವಂಚನೆ ಹಾಗೂ ತಪ್ಪು ನಿರೂಪಣೆಯನ್ನು ವಿವರಿಸುತ್ತವೆ. ಕೇವಲ ಮೌನ ವಂಚನೆಯಲ್ಲ. ಹೇಳಬೇಕಾದ ಕರ್ತವ್ಯವಿದ್ದೂ ಸುಮ್ಮನಿದ್ದರೆ ಆ ಮೌನ ವಂಚನೆಯಾಗುತ್ತದೆ. ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ಆ ಕರ್ತವ್ಯವನ್ನು ಒದಗಿಸುತ್ತದೆ. ಹೀಗೆ ಎರಡೂ ಕಾಯ್ದೆಗಳನ್ನು ಒಟ್ಟಿಗೆ ಓದಿದಾಗ ಕೊಂಡವರಿಗೆ ಎರಡು ದಾರಿಗಳಿವೆ.

ಮೊದಲನೆಯದು, ವ್ಯವಹಾರವನ್ನೇ ರದ್ದುಪಡಿಸಿ ಹಣ ಹಿಂಪಡೆಯುವುದು. ಇದಕ್ಕೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 27 ಮತ್ತು 31ನೇ ಕಲಂಗಳು ಆಧಾರ. ದೋಷ ತಿಳಿದ ಮೇಲೂ ಕೊಂಡವರು ವ್ಯವಹಾರವನ್ನು ಒಪ್ಪಿಕೊಂಡಂತೆ ನಡೆದರೆ, ಅಥವಾ ಮೂರನೆಯವರು ಪ್ರಾಮಾಣಿಕವಾಗಿ ಹಣ ಕೊಟ್ಟು ಆ ಸ್ವತ್ತಿನಲ್ಲಿ ಹಕ್ಕು ಪಡೆದಿದ್ದರೆ ನ್ಯಾಯಾಲಯವು ರದ್ದತಿಯನ್ನು ನಿರಾಕರಿಸಬಹುದು.

ಎರಡನೆಯದು, ಮನೆಯನ್ನು ಉಳಿಸಿಕೊಂಡು ನಷ್ಟ ಪರಿಹಾರ ಕೇಳುವುದು. ದುರಸ್ತಿಯ ವೆಚ್ಚ, ಹೇಳಿದ ಸ್ಥಿತಿಯ ಮೌಲ್ಯಕ್ಕೂ ನಿಜಸ್ಥಿತಿಯ ಮೌಲ್ಯಕ್ಕೂ ಇರುವ ವ್ಯತ್ಯಾಸ, ದುರಸ್ತಿ ಕಾಲದ ಬಾಡಿಗೆ ಮೊದಲಾದವನ್ನು ಕೇಳಬಹುದು. ನಷ್ಟವನ್ನು ತಗ್ಗಿಸಲು ಕೊಂಡವರು ಏನು ಮಾಡಬಹುದಿತ್ತು ಎಂಬುದನ್ನೂ ನ್ಯಾಯಾಲಯ ಪರಿಗಣಿಸುತ್ತದೆ.

ಈ ದಾವೆಗಳಲ್ಲಿ ಕಠಿಣವಾದುದು ಮಾರಿದವರಿಗೆ ದೋಷ ತಿಳಿದಿತ್ತು ಎಂಬುದರ ಸಾಬೀತು. ಮನೆಯನ್ನು ಅವರೇ ಕಟ್ಟಿಸಿದ್ದರು ಎಂಬ ಸಂಗತಿ, ಹಳೆಯ ದುರಸ್ತಿಯ ರಸೀದಿಗಳು, ಹಿಂದಿನ ಬಾಡಿಗೆದಾರರ ಮತ್ತು ನೆರೆಹೊರೆಯವರ ಸಾಕ್ಷ್ಯ, ಬಿರುಕನ್ನು ತುಂಬಿ ಮೇಲೆ ಬಣ್ಣ ಬಳಿದಿರುವುದನ್ನು ತೋರಿಸುವ ತಜ್ಞರ ವರದಿ ಇದಕ್ಕೆ ನೆರವಾಗುತ್ತವೆ.

ನಿರ್ಮಾಪಕರಿಂದ ಕೊಂಡ ಮನೆ

ಗ್ರಾಹಕರ ಆಯೋಗ

ಗೃಹನಿರ್ಮಾಣವು ಗ್ರಾಹಕರ ಸಂರಕ್ಷಣಾ ಕಾಯ್ದೆಯ ‘ಸೇವೆ’ ಎಂಬ ವ್ಯಾಖ್ಯೆಯೊಳಗೆ 1993ರ ತಿದ್ದುಪಡಿಯಿಂದ ಸೇರಿತು. ಅದೇ ವರ್ಷ ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸರ್ಕಾರಿ ವಸತಿ ಸಂಸ್ಥೆಗಳೂ ಈ ಕಾಯ್ದೆಗೆ ಒಳಪಡುತ್ತವೆ ಎಂದು ತೀರ್ಪಿತ್ತಿತು. ಹಾಗಾಗಿ ಮನೆ ಕಟ್ಟಿ ಹಂಚುವ ಪ್ರಾಧಿಕಾರಗಳನ್ನೂ ಪ್ರಶ್ನಿಸಬಹುದು. ಆದರೆ ಇದ್ದ ಸ್ಥಿತಿಯಲ್ಲೇ ಹರಾಜಿನಲ್ಲಿ ನಿವೇಶನ ಕೊಂಡವರು ಗ್ರಾಹಕರಲ್ಲ ಎಂದು ಚಂಡೀಗಢದ ಮೊಕದ್ದಮೆಯೊಂದರಲ್ಲಿ 2009ರಲ್ಲಿ ಅದೇ ನ್ಯಾಯಾಲಯ ಹೇಳಿತು.

ಈಗ ಜಾರಿಯಲ್ಲಿರುವುದು 2020ರ ಜುಲೈ 20ರಂದು ಜಾರಿಗೆ ಬಂದ 2019ರ ಕಾಯ್ದೆ. 2021ರ ಡಿಸೆಂಬರ್‌ನ ನಿಯಮಗಳ ಪ್ರಕಾರ ಪಾವತಿಸಿದ ಬೆಲೆ 50 ಲಕ್ಷ ರೂಪಾಯಿವರೆಗೆ ಇದ್ದರೆ ಜಿಲ್ಲಾ ಆಯೋಗದಲ್ಲೂ, 50 ಲಕ್ಷ ಮೀರಿ 2 ಕೋಟಿವರೆಗೆ ಇದ್ದರೆ ರಾಜ್ಯ ಆಯೋಗದಲ್ಲೂ, ಅದಕ್ಕೂ ಹೆಚ್ಚಿದ್ದರೆ ರಾಷ್ಟ್ರೀಯ ಆಯೋಗದಲ್ಲೂ ದೂರು ಸಲ್ಲಿಸಬೇಕು. 45 ಲಕ್ಷಕ್ಕೆ ಮನೆ ಕೊಂಡ ಹರಿಹರದ ನಿವಾಸಿ ದಾವಣಗೆರೆಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಬಹುದು. 60 ಲಕ್ಷ ಕೊಟ್ಟವರು ಬೆಂಗಳೂರಿನ ರಾಜ್ಯ ಆಯೋಗಕ್ಕೆ ಹೋಗಬೇಕು. ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಸ್ಥಳದ ಆಯೋಗದಲ್ಲೇ ದೂರು ನೀಡಬಹುದು. ವಕೀಲರಿಲ್ಲದೆ ತಾವೇ ವಾದಿಸಬಹುದು. ಸಿವಿಲ್ ದಾವೆಯಲ್ಲಿ ನ್ಯಾಯಾಲಯ ಶುಲ್ಕವು ಮೊಕದ್ದಮೆಯ ಮೌಲ್ಯದೊಂದಿಗೆ ಏರುತ್ತದೆ; ಇಲ್ಲಿ 20 ಲಕ್ಷದಿಂದ 50 ಲಕ್ಷದವರೆಗಿನ ವ್ಯವಹಾರಕ್ಕೆ ನಿಯಮಗಳು ನಿಗದಿಪಡಿಸಿದ ಶುಲ್ಕ 1,000 ರೂಪಾಯಿ ಮಾತ್ರ.

ಸ್ವಾಧೀನಾನುಭವ ಪ್ರಮಾಣಪತ್ರ ಪಡೆಯದೆ ಮನೆ ಹಸ್ತಾಂತರಿಸುವುದು ಸೇವಾ ನ್ಯೂನತೆಯೆಂದೂ, ಪ್ರಮಾಣಪತ್ರ ದೊರೆಯುವವರೆಗೆ ಅದು ಮುಂದುವರಿಯುವ ತಪ್ಪೆಂದೂ ಮುಂಬೈಯ ಸಮೃದ್ಧಿ ಗೃಹನಿರ್ಮಾಣ ಸಹಕಾರ ಸಂಘದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2022ರ ಜನವರಿಯಲ್ಲಿ ತೀರ್ಪಿತ್ತಿತು.

ರೇರಾ ಪ್ರಾಧಿಕಾರ

2016ರ ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ ‘ರೇರಾ’ ಎಂದು ಪರಿಚಿತ. ಕರ್ನಾಟಕವು ಇದರ ನಿಯಮಗಳನ್ನು 2017ರ ಜುಲೈನಲ್ಲಿ ಹೊರಡಿಸಿತು. ಕಾಯ್ದೆಯ 14(3) ಕಲಂ ಪ್ರಕಾರ, ಸ್ವಾಧೀನ ನೀಡಿದ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆ, ಕೆಲಸಗಾರಿಕೆ, ಗುಣಮಟ್ಟ ಅಥವಾ ಸೇವೆಗಳಲ್ಲಿನ ದೋಷವನ್ನು ಪ್ರವರ್ತಕರ ಗಮನಕ್ಕೆ ತಂದರೆ, ಅವರು ಯಾವ ಶುಲ್ಕವನ್ನೂ ಪಡೆಯದೆ 30 ದಿನದೊಳಗೆ ಸರಿಪಡಿಸಬೇಕು. ತಪ್ಪಿದಲ್ಲಿ ಪರಿಹಾರ ಕೊಡಬೇಕು. ಪ್ರವರ್ತಕರಿಗೆ ದೋಷ ಮೊದಲೇ ತಿಳಿದಿತ್ತೆಂದು ಇಲ್ಲಿ ಸಾಬೀತುಪಡಿಸಬೇಕಿಲ್ಲ. 1882ರ ಕಾಯ್ದೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಮೊದಲ ಖರೀದಿದಾರರಿಂದ ಹಂಚಿಕೆಯನ್ನು ಕೊಂಡವರೂ ‘ಹಂಚಿಕೆದಾರ’ ಎಂಬ ವ್ಯಾಖ್ಯೆಗೆ ಸೇರುತ್ತಾರೆ.

ಜಮೀನಿನ ಒಡೆತನದ ದೋಷದಿಂದ ಉಂಟಾದ ನಷ್ಟಕ್ಕೆ 18(2) ಕಲಂ ಪರಿಹಾರ ಒದಗಿಸುತ್ತದೆ. ಈ ಹಕ್ಕಿಗೆ ಯಾವ ಕಾಲಮಿತಿಯೂ ಅಡ್ಡಬರುವುದಿಲ್ಲ. ನಷ್ಟ ಪರಿಹಾರದ ಮೊತ್ತವನ್ನು ನಿರ್ಧರಿಸುವವರು ನ್ಯಾಯನಿರ್ಣಯಾಧಿಕಾರಿ. ಹಣ ಮರುಪಾವತಿ ಮತ್ತು ಬಡ್ಡಿಯ ವಿಷಯ ಪ್ರಾಧಿಕಾರದ್ದು. ಈ ವಿಂಗಡಣೆಯನ್ನು ಸರ್ವೋಚ್ಚ ನ್ಯಾಯಾಲಯವು 2021ರ ನವೆಂಬರ್‌ನಲ್ಲಿ ನ್ಯೂಟೆಕ್ ಪ್ರಮೋಟರ್ಸ್ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು. ಆದೇಶಿಸಿದ ಹಣವನ್ನು ಪ್ರವರ್ತಕರು ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು.

ಅಭಿವೃದ್ಧಿಪಡಿಸುವ ಜಾಗ 500 ಚದರ ಮೀಟರ್ ಮೀರದ ಅಥವಾ ಒಟ್ಟು 8 ಮನೆಗಳನ್ನು ಮೀರದ ಯೋಜನೆಗಳಿಗೆ ರೇರಾ ನೋಂದಣಿ ಕಡ್ಡಾಯವಲ್ಲ. 500 ಚದರ ಮೀಟರ್ ಎಂದರೆ ಸುಮಾರು 5,380 ಚದರ ಅಡಿ. 30×40 ಅಡಿಯ ನಿವೇಶನ 1,200 ಚದರ ಅಡಿ ಮಾತ್ರ. ಅಂತಹ ನಾಲ್ಕು ನಿವೇಶನಗಳನ್ನು ಸೇರಿಸಿ ಕಟ್ಟಿದರೂ ಈ ಮಿತಿಯನ್ನು ಮುಟ್ಟುವುದಿಲ್ಲ. ಹೀಗಾಗಿ ದಾವಣಗೆರೆಯಂತಹ ನಗರಗಳಲ್ಲಿ ಒಂದೆರಡು ನಿವೇಶನಗಳಲ್ಲಿ ಮನೆ ಕಟ್ಟಿ ಮಾರುವ ಸಣ್ಣ ನಿರ್ಮಾಪಕರ ವಿರುದ್ಧ ಗ್ರಾಹಕರ ಆಯೋಗವೇ ಹೆಚ್ಚು ಸುಲಭವಾದ ದಾರಿ. ನೋಂದಾಯಿತ ಯೋಜನೆಯಾದರೆ ಕೊಂಡವರು ಎರಡರಲ್ಲಿ ಒಂದನ್ನು ಆಯ್ದುಕೊಳ್ಳಬಹುದು. ರೇರಾ ಕಾಯ್ದೆಯು ಗ್ರಾಹಕರ ಆಯೋಗದ ಬಾಗಿಲನ್ನು ಮುಚ್ಚಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಇಂಪೀರಿಯಾ ಸ್ಟ್ರಕ್ಚರ್ಸ್ ಮೊಕದ್ದಮೆಯಲ್ಲಿ ಹೇಳಿದೆ.

ಒಡೆತನದ ದೋಷಗಳು

ಕರ್ನಾಟಕದಲ್ಲಿ ಒಡೆತನದ ದೋಷಗಳು ಮುಖ್ಯವಾಗಿ ಮೂರು ಕಡೆಯಿಂದ ಬರುತ್ತವೆ.

ಮೊದಲನೆಯದು ಕುಟುಂಬದ ಪಾಲು. ಕರ್ನಾಟಕವು 1994ರಲ್ಲಿ, ಭಾರತ ಸರ್ಕಾರವು 2005ರಲ್ಲಿ ಮಾಡಿದ ತಿದ್ದುಪಡಿಗಳಿಂದ ಹಿಂದೂ ಅವಿಭಕ್ತ ಕುಟುಂಬದ ಸ್ವತ್ತಿನಲ್ಲಿ ಹೆಣ್ಣುಮಕ್ಕಳಿಗೂ ಜನ್ಮದತ್ತ ಪಾಲು ದೊರೆಯಿತು. ಸಹೋದರರು ಮಾತ್ರ ಸಹಿ ಹಾಕಿ ಮಾರಿದ ಪಿತ್ರಾರ್ಜಿತ ಮನೆಯ ಮೇಲೆ ಸಹೋದರಿಯರು ಪಾಲಿನ ದಾವೆ ಹೂಡಿದಾಗ ಕೊಂಡವರು ಇಕ್ಕಟ್ಟಿಗೆ ಸಿಲುಕುತ್ತಾರೆ.

ಎರಡನೆಯದು ಮಂಜೂರಾತಿ ಜಮೀನು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಪೂರ್ವಾನುಮತಿಯಿಲ್ಲದೆ ವರ್ಗಾಯಿಸುವುದನ್ನು 1978ರ ಕರ್ನಾಟಕ ಕಾಯ್ದೆಯೊಂದು ಅಸಿಂಧುಗೊಳಿಸುತ್ತದೆ. ‘ಪಿಟಿಸಿಎಲ್ ಕಾಯ್ದೆ’ ಎಂದು ಕರೆಯುವ ಇದರ ಅಡಿಯಲ್ಲಿ ಉಪವಿಭಾಗಾಧಿಕಾರಿಯು ಜಮೀನನ್ನು ಮೂಲ ಮಂಜೂರಾತಿದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಿಸಬಹುದು. ಈ ಅರ್ಜಿಗಳಿಗೆ ಕಾಲಮಿತಿ ಅನ್ವಯಿಸದಂತೆ 2023ರಲ್ಲಿ ತಿದ್ದುಪಡಿ ಮಾಡಲಾಯಿತು. ದುರ್ಬಲ ವರ್ಗದವರ ಭೂಮಿಯನ್ನು ಕಾಪಾಡುವುದು ಕಾಯ್ದೆಯ ಉದ್ದೇಶವಾದ್ದರಿಂದ ಕೊಂಡವರಿಗೆ ಉಳಿಯುವುದು ಮಾರಿದವರಿಂದ ಹಣ ಕೇಳುವ ಹಕ್ಕು ಮಾತ್ರ.

ಮೂರನೆಯದು ಪರವಾನಗಿಯ ಕೊರತೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂಪರಿವರ್ತನೆ ಆಗದ ಜಮೀನಿನಲ್ಲಿ ಅಥವಾ ಅನುಮೋದನೆಯಿಲ್ಲದ ಬಡಾವಣೆಯಲ್ಲಿ ಕಟ್ಟಿದ ಮನೆಗೆ ಖಾತೆ, ಬ್ಯಾಂಕ್ ಸಾಲ ಮತ್ತು ಮುಂದಿನ ಮಾರಾಟ ಕಷ್ಟವಾಗುತ್ತದೆ. ಇದು ಸಾರ್ವಜನಿಕ ದಾಖಲೆಗಳಿಂದ ತಿಳಿಯಬಹುದಾದ ಸಂಗತಿ. ಆದ್ದರಿಂದ ‘ಸಾಮಾನ್ಯ ಎಚ್ಚರಿಕೆಯಿಂದ ಪತ್ತೆಯಾಗುತ್ತಿತ್ತು’ ಎಂಬ ಪ್ರತಿವಾದಕ್ಕೆ ಇಲ್ಲಿ ಹೆಚ್ಚು ಬಲವಿದೆ.

ಕಾಲಮಿತಿ

• ಕ್ರಯಪತ್ರ ರದ್ದತಿಯ ದಾವೆ: ರದ್ದತಿಗೆ ಕಾರಣವಾಗುವ ಸಂಗತಿ ತಿಳಿದ ದಿನದಿಂದ 3 ವರ್ಷ (1963ರ ಕಾಲಮಿತಿ ಕಾಯ್ದೆ, ಅನುಚ್ಛೇದ 59).
• ವಂಚನೆ ನಡೆದಿದ್ದಲ್ಲಿ: ವಂಚನೆ ಪತ್ತೆಯಾದ ಅಥವಾ ಸೂಕ್ತ ಎಚ್ಚರ ವಹಿಸಿದ್ದರೆ ಪತ್ತೆಯಾಗಬಹುದಾಗಿದ್ದ ದಿನದಿಂದ ಎಣಿಕೆ (ಅದೇ ಕಾಯ್ದೆ, 17ನೇ ಕಲಂ).
• ಗ್ರಾಹಕರ ಆಯೋಗ: ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷ, ಸಕಾರಣವಿದ್ದರೆ ವಿಳಂಬವನ್ನು ಮನ್ನಿಸಬಹುದು.
• ರೇರಾ, ಕಟ್ಟಡದ ದೋಷ: ಸ್ವಾಧೀನದ ದಿನದಿಂದ 5 ವರ್ಷದೊಳಗೆ ಪ್ರವರ್ತಕರಿಗೆ ತಿಳಿಸಬೇಕು.
• ರೇರಾ, ಒಡೆತನದ ದೋಷ: ಕಾಲಮಿತಿ ಇಲ್ಲ.
• ಜಿಲ್ಲಾ ಗ್ರಾಹಕರ ಆಯೋಗದ ಆದೇಶದ ವಿರುದ್ಧ ಮೇಲ್ಮನವಿ: 45 ದಿನ.
• ರೇರಾ ಆದೇಶದ ವಿರುದ್ಧ ಮೇಲ್ಮನವಿ: 60 ದಿನ.

ದೋಷದ ಬಗ್ಗೆ ಬಾಯಿಮಾತಿನ ಆಶ್ವಾಸನೆ ಪಡೆಯುತ್ತಾ ಕಾಯುವುದರಿಂದ ಈ ಅವಧಿಗಳು ತಾವಾಗಿ ಮುಂದೆ ಹೋಗುವುದಿಲ್ಲ. ‘ಮಳೆಗಾಲ ಮುಗಿಯಲಿ, ಮಾಡಿಸಿಕೊಡುತ್ತೇನೆ’ ಎಂಬ ಮಾತನ್ನು ನಂಬಿ ವರ್ಷ ಕಳೆದವರು ಮೊಕದ್ದಮೆಯ ಆರಂಭದಲ್ಲೇ ವಿಳಂಬದ ಆಕ್ಷೇಪವನ್ನು ಎದುರಿಸಬೇಕಾಗುತ್ತದೆ.

ದೋಷ ಕಂಡುಬಂದಾಗ ಅನುಸರಿಸುವ ಕ್ರಮ

ದೋಷ ಗಮನಕ್ಕೆ ಬಂದ ದಿನಾಂಕವನ್ನು ಬರೆದಿಟ್ಟು, ಚಿತ್ರಗಳನ್ನು ತೆಗೆದು, ಮಾರಾಟಗಾರರಿಗೆ ಲಿಖಿತವಾಗಿ ತಿಳಿಸುವುದು ಮೊದಲ ಹೆಜ್ಜೆ. ಸ್ವೀಕೃತಿ ಸಹಿತ ಅಂಚೆಯ ಪತ್ರ ಮುಂದೆ ದಾಖಲೆಯಾಗುತ್ತದೆ. ಸರ್ಕಾರದ ವಿರುದ್ಧ ಸಿವಿಲ್ ದಾವೆ ಹೂಡುವ ಮುನ್ನ ಎರಡು ತಿಂಗಳ ನೋಟಿಸ್ ನೀಡುವುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂ ಪ್ರಕಾರ ಅಗತ್ಯ.

ಎರಡನೆಯದು, ಸ್ವತಂತ್ರ ಸಿವಿಲ್ ಎಂಜಿನಿಯರಿಂದ ವರದಿ ಪಡೆಯುವುದು. ದೋಷ ಏನು, ಅದು ಮಾರಾಟಕ್ಕೆ ಮೊದಲೇ ಇತ್ತೇ, ಕಾರಣವೇನು, ದುರಸ್ತಿಗೆ ಎಷ್ಟು ವೆಚ್ಚ ಎಂಬ ನಾಲ್ಕು ಪ್ರಶ್ನೆಗಳಿಗೆ ವರದಿಯಲ್ಲಿ ಉತ್ತರವಿರಬೇಕು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಂ ತಜ್ಞರ ಅಭಿಪ್ರಾಯವನ್ನು ಸಾಕ್ಷ್ಯವಾಗಿ ಮಾನ್ಯ ಮಾಡುತ್ತದೆ. ದಾವೆ ಹೂಡಿದ ಮೇಲೆ ಸ್ಥಳ ಪರಿಶೀಲನೆಗೆ ಕೋರ್ಟ್ ಕಮಿಷನರನ್ನು ನೇಮಿಸುವಂತೆ ಕೋರಬಹುದು. ಜೀವಕ್ಕೆ ಅಪಾಯವಿಲ್ಲದಿದ್ದರೆ ಈ ದಾಖಲಾತಿ ಮುಗಿಯುವವರೆಗೆ ದೊಡ್ಡ ದುರಸ್ತಿ ಮಾಡಿಸದಿರುವುದು ಒಳ್ಳೆಯದು; ಒಡೆದು ಸರಿಪಡಿಸಿದ ಮೇಲೆ ಸಾಕ್ಷ್ಯ ಉಳಿಯುವುದಿಲ್ಲ. ಗುರುಗ್ರಾಮದಲ್ಲಿ 2022ರ ಫೆಬ್ರವರಿಯಲ್ಲಿ ವಸತಿ ಸಮುಚ್ಚಯವೊಂದರ ಛಾವಣಿಗಳು ಕುಸಿದು ಇಬ್ಬರು ಮೃತಪಟ್ಟ ನಂತರ, ಕಾಂಕ್ರೀಟಿನಲ್ಲಿ ಕ್ಲೋರೈಡ್ ಅಂಶವಿದ್ದುದನ್ನು ದೆಹಲಿ ಐಐಟಿಯ ತಜ್ಞರ ಪರೀಕ್ಷೆ ತೋರಿಸಿತು. ಹೊರನೋಟಕ್ಕೆ ತಿಳಿಯದ ದೋಷ ಪರೀಕ್ಷೆಯಿಂದಷ್ಟೇ ಸಾಬೀತಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ವ್ಯಾಜ್ಯ ನಡೆಯುತ್ತಿದ್ದರೂ ಗೃಹಸಾಲದ ಕಂತು ನಿಲ್ಲುವುದಿಲ್ಲ. ಬ್ಯಾಂಕ್ ಮಾಡಿಸುವ ಮೌಲ್ಯಮಾಪನ ಮತ್ತು ಕಾನೂನು ಪರಿಶೀಲನೆ ಅದರ ಸಾಲದ ಭದ್ರತೆಗಾಗಿ ಇರುವುದರಿಂದ ಅದನ್ನು ಮನೆಯ ಗುಣಮಟ್ಟದ ಖಾತರಿಯೆಂದು ಭಾವಿಸಲಾಗದು.

ಆರಂಭದಿಂದಲೇ ಮೋಸದ ಉದ್ದೇಶವಿದ್ದಲ್ಲಿ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಅಡಿಯಲ್ಲಿ ಪೊಲೀಸ್ ದೂರು ನೀಡಬಹುದು. 2024ರ ಜುಲೈ 1ಕ್ಕೆ ಮೊದಲಿನ ಕೃತ್ಯಗಳಿಗೆ ಹಳೆಯ ದಂಡ ಸಂಹಿತೆಯ 420ನೇ ಕಲಂ ಅನ್ವಯಿಸುತ್ತದೆ. ಆದರೆ ಕ್ರಿಮಿನಲ್ ಮೊಕದ್ದಮೆಯು ಸಿವಿಲ್ ದಾವೆಗೆ ಬದಲಿಯಲ್ಲ. ಅದರಿಂದ ಸಿವಿಲ್ ಕಾಲಮಿತಿ ನಿಲ್ಲುವುದಿಲ್ಲ.

ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ನಿಗದಿತ ಮಿತಿಗಿಂತ ಕಡಿಮೆ ಆದಾಯದವರು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವಿಗೆ ಅರ್ಹರು. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಸಿವಿಲ್ ಡಿಕ್ರಿಯ ಬಲವಿದೆ. ಅದರ ವಿರುದ್ಧ ಮೇಲ್ಮನವಿ ಇಲ್ಲ.

ಖರೀದಿಗೆ ಮುನ್ನ ಪರಿಶೀಲನೆ

ಕೊಂಡವರು ಸಾಮಾನ್ಯ ಎಚ್ಚರಿಕೆ ವಹಿಸಿದ್ದರೇ ಎಂಬ ಪ್ರಶ್ನೆ ಬಹುತೇಕ ವ್ಯಾಜ್ಯಗಳಲ್ಲಿ ಬರುವುದರಿಂದ ಪೂರ್ವಪರಿಶೀಲನೆಗೆ ಕಾನೂನಿನ ಮಹತ್ವವೂ ಇದೆ. ಉಪನೋಂದಣಾಧಿಕಾರಿ ಕಚೇರಿಯ ಅಥವಾ ‘ಕಾವೇರಿ’ ಜಾಲತಾಣದ ಋಣಭಾರ ಪ್ರಮಾಣಪತ್ರ, ಮೂಲ ಹಕ್ಕುಪತ್ರಗಳು, ವಂಶವೃಕ್ಷ, ಭೂಪರಿವರ್ತನೆ ಆದೇಶ, ಬಡಾವಣೆಯ ಅನುಮೋದನೆ, ಕಟ್ಟಡ ಪರವಾನಗಿ, ಇ-ಖಾತೆ ಇವು ಮುಖ್ಯ ದಾಖಲೆಗಳು. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ‘ಇ-ಸ್ವತ್ತು’ ತಂತ್ರಾಂಶದ ನಮೂನೆ 9 ಮತ್ತು 11ಎ ಅನ್ನು ನೋಡಬೇಕು. ನಮೂನೆ 11ಬಿ ಮಾತ್ರ ಇದ್ದರೆ ಭೂಪರಿವರ್ತನೆ ಮತ್ತು ಅನುಮೋದನೆಯ ಬಗ್ಗೆ ಮತ್ತಷ್ಟು ವಿಚಾರಿಸುವುದು ಅಗತ್ಯ. ಮಾರಾಟಗಾರರಿಗೆ ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೇಳಿ ಉತ್ತರವನ್ನು ಬರವಣಿಗೆಯಲ್ಲೇ ಪಡೆದರೆ, ಆ ಉತ್ತರ ಸುಳ್ಳಾದಾಗ ತಪ್ಪು ನಿರೂಪಣೆಯನ್ನು ಸಾಬೀತುಪಡಿಸುವುದು ಸುಲಭವಾಗುತ್ತದೆ.

ಇತರ ದೇಶಗಳಲ್ಲಿ

ಫ್ರಾನ್ಸಿನ ಸಿವಿಲ್ ಸಂಹಿತೆಯ 1641ನೇ ವಿಧಿಯು ಗುಪ್ತದೋಷಕ್ಕೆ ಮಾರಾಟಗಾರರನ್ನು ಹೊಣೆಯಾಗಿಸುತ್ತದೆ. ದೋಷ ಪತ್ತೆಯಾದ 2 ವರ್ಷದೊಳಗೆ ದಾವೆ ಹೂಡಬೇಕು. ಇಂಗ್ಲೆಂಡಿನಲ್ಲಿ ಕೊಳ್ಳುವವರೇ ಎಚ್ಚರ ವಹಿಸಬೇಕೆಂಬ ತತ್ತ್ವ ಇಂದಿಗೂ ಪ್ರಬಲವಾಗಿದ್ದು, ಸುಳ್ಳು ಹೇಳಿಕೆಗೆ 1967ರ ತಪ್ಪು ನಿರೂಪಣೆ ಕಾಯ್ದೆಯಡಿ ಪರಿಹಾರವಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಮನೆ ಮಾರುವವರು ತಮಗೆ ತಿಳಿದ ದೋಷಗಳನ್ನು ನಿಗದಿತ ನಮೂನೆಯಲ್ಲಿ ಬರೆದುಕೊಡುವುದು ಸಾಮಾನ್ಯವಾಗಿ ಕಡ್ಡಾಯ. ಭಾರತದಲ್ಲಿ ದೋಷ ತಿಳಿಸುವ ಕರ್ತವ್ಯ 1882ರಿಂದಲೂ ಇದ್ದರೂ, ಹಳೆಯ ಮನೆಗಳ ಮಾರಾಟಕ್ಕೆ ಅಂತಹ ಲಿಖಿತ ನಮೂನೆಯನ್ನು ಸ್ವತ್ತು ವರ್ಗಾವಣೆ ಕಾಯ್ದೆಯು ನಿಗದಿಪಡಿಸಿಲ್ಲ. ಆದ್ದರಿಂದ ಯಾರಿಗೆ ಏನು ತಿಳಿದಿತ್ತು ಎಂಬುದನ್ನು ಸಾಬೀತುಪಡಿಸುವ ಹೊರೆ ಕೊಂಡವರ ಮೇಲೆಯೇ ಉಳಿದಿದೆ.